19 ವರ್ಷ ಗೇರುಬೀಜ ಒಡೆದವರಿಗೆ ‘ನೀವು ಸೀಸನ್ ಕೆಲಸಗಾರರು’ ಎನ್ನುತ್ತಾರೆ: ಗ್ರಾಚ್ಯುಟಿ ಕೇಳಬಹುದೇ?

ಕುಮಟಾದ ಮಗಳು

ನಮ್ಮ ಆಯಿ ಕುಮಟಾ ತಾಲೂಕಿನ ಒಂದು ಗೇರುಬೀಜ ಕಾರ್ಖಾನೆಯಲ್ಲಿ 2006ರಿಂದ ದುಡಿದವರು. ಮೊದಲು ಬೀಜ ಒಡೆಯುವ ವಿಭಾಗದಲ್ಲಿದ್ದರು. ಗೇರೆಣ್ಣೆ ತಾಗಿ ಬೆರಳುಗಳ ಚರ್ಮ ಸುಲಿದು, ಗಾಯ ಮಾಯುವುದೇ ನಿಂತಾಗ ಸಿಪ್ಪೆ ತೆಗೆಯುವ ವಿಭಾಗಕ್ಕೆ ಹಾಕಿದರು. ಕೂಲಿ ಮೊದಲಿನಿಂದಲೂ ಕಿಲೋ ಲೆಕ್ಕದಲ್ಲಿಯೇ. 2025ರ ಚೌತಿಗೆ ಸ್ವಲ್ಪ ಮುಂಚೆ ಕಾರ್ಖಾನೆಯನ್ನು ಮುಚ್ಚಿದರು. ಅರವತ್ತರಷ್ಟು ಹೆಂಗಸರನ್ನು ಒಬ್ಬೊಬ್ಬರಾಗಿ ಆಫೀಸಿಗೆ ಕರೆದು, ತಲಾ 25,000 ರೂಪಾಯಿ ಕೊಟ್ಟು, ‘ನನಗೆ ಬರಬೇಕಾದ ಎಲ್ಲ ಹಣವೂ ಸಂದಿದೆ, ಮುಂದೆ ಯಾವ ತಕರಾರೂ ಇಲ್ಲ’ ಎಂದು ಬರೆದ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಗ್ರಾಚ್ಯುಟಿಯ, ಅಂದರೆ ವರ್ಷಗಟ್ಟಲೆ ದುಡಿದು ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಇಡಿಗಂಟಿನ ಬಗ್ಗೆ ಕೇಳಿದವರಿಗೆ, ‘ಇದು ಸೀಸನ್ ಕಾರ್ಖಾನೆ, ನೀವು ಕಿಲೋ ಲೆಕ್ಕದವರು, ನಿಮಗೆ ಅದು ಅನ್ವಯಿಸುವುದಿಲ್ಲ’ ಎಂಬ ಉತ್ತರ ಸಿಕ್ಕಿತು.

ಆಯಿ ಸಹಿ ಹಾಕಿದ್ದಾರೆ. ನಮ್ಮ ಬಳಿ ಇರುವುದು 2011ರಿಂದ ಕಟ್ಟಿದ ಪಿಎಫ್‌ನ ವಿವರ ಮತ್ತು ಪ್ರತಿದಿನ ಎಷ್ಟು ಕಿಲೋ ತೂಗಿತು ಎಂದು ಬರೆದು ಮೇಸ್ತ್ರಿ ಸಣ್ಣ ಸಹಿ ಹಾಕುತ್ತಿದ್ದ ಕೆಂಪು ರಟ್ಟಿನ ಕೆಲವು ಪುಸ್ತಕಗಳು ಮಾತ್ರ. ಇಷ್ಟನ್ನು ಇಟ್ಟುಕೊಂಡು ಏನಾದರೂ ಮಾಡಲು ಸಾಧ್ಯವೇ ಎಂದು ತಿಳಿದವರು ಹೇಳಬೇಕು.

ನಿವೃತ್ತ ಗುಮಾಸ್ತ, ಕಾರವಾರ

ಖಂಡಿತ ಸಾಧ್ಯವಿದೆ, ತಂಗಿ. ಕಾರ್ಖಾನೆ ಮುಚ್ಚಿದಾಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಪಾವತಿ ಕಾಯ್ದೆಯಲ್ಲಿ ಕಿಲೋ ಲೆಕ್ಕದ ಕೆಲಸಗಾರರನ್ನು ಹೊರಗಿಟ್ಟಿಲ್ಲ. ಅವರ ದಿನಗೂಲಿಯನ್ನು ಹೇಗೆ ಲೆಕ್ಕ ಹಾಕಬೇಕೆಂಬುದನ್ನು ಅದರ 4(2)ನೇ ಕಲಮಿನಲ್ಲಿಯೇ ಹೇಳಿದ್ದಾರೆ: ಕೆಲಸ ಬಿಡುವ ಮುಂಚಿನ ಮೂರು ತಿಂಗಳಲ್ಲಿ ಬಂದ ಒಟ್ಟು ಕೂಲಿಯಲ್ಲಿ ಓವರ್‌ಟೈಮ್ ಬಿಟ್ಟು ಸರಾಸರಿ ತೆಗೆಯಬೇಕು. ಆ ಸರಾಸರಿ ದಿನಕ್ಕೆ 400 ರೂಪಾಯಿ ಎಂದಿಟ್ಟುಕೊಂಡರೆ, ವರ್ಷಕ್ಕೆ 15 ದಿನದಂತೆ 6,000 ರೂಪಾಯಿ ಆಗುತ್ತದೆ. 19 ವರ್ಷಕ್ಕೆ 1,14,000 ರೂಪಾಯಿ. ಅವರು ಕೊಟ್ಟಿರುವುದು ಅದರ ನಾಲ್ಕನೇ ಒಂದು ಭಾಗವೂ ಅಲ್ಲ.

ಸಹಿ ಹಾಕಿದ ಕಾಗದಕ್ಕೆ ಹೆದರಬೇಕಾಗಿಲ್ಲ. ಬೇರೆ ಯಾವುದೇ ಒಪ್ಪಂದ ಅಥವಾ ಬರಹಕ್ಕಿಂತ ಈ ಕಾಯ್ದೆಯೇ ಮೇಲು ಎಂದು 14ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಕಾನೂನು ಕೊಟ್ಟ ಗ್ರಾಚ್ಯುಟಿಯನ್ನು ಕಾರ್ಮಿಕರಿಂದ ಒಂದು ಕಾಗದದಲ್ಲಿ ಬರೆಸಿಕೊಂಡು ಇಲ್ಲವಾಗಿಸಲು ಬರುವುದಿಲ್ಲ. ಹೆಚ್ಚೆಂದರೆ, ಕೊಟ್ಟ 25,000 ರೂಪಾಯಿಯನ್ನು ಲೆಕ್ಕದಲ್ಲಿ ಕಳೆಯಿರಿ ಎಂದು ಅವರು ವಾದಿಸಬಹುದು.

ಘಟ್ಟದ ಮೇಲಿನವ

ಗುಮಾಸ್ತರು ಅರ್ಧ ಮಾತ್ರ ಹೇಳಿದ್ದಾರೆ. ಅದೇ 4(2)ನೇ ಕಲಮಿನಲ್ಲಿ, ಹಂಗಾಮಿ ಕಾರ್ಖಾನೆಯಲ್ಲಿ ವರ್ಷವಿಡೀ ಕೆಲಸವಿಲ್ಲದವರಿಗೆ ಒಂದು ಹಂಗಾಮಿಗೆ ಏಳು ದಿನದ ಕೂಲಿಯಷ್ಟೇ ಗ್ರಾಚ್ಯುಟಿ ಎಂದಿದೆ. ನೀವು ಹಿಡಿದ 400 ರೂಪಾಯಿಯನ್ನೇ ಇಟ್ಟುಕೊಂಡರೂ 19 ಹಂಗಾಮಿಗೆ 53,200 ಆಗುತ್ತದೆಯೇ ಹೊರತು 1,14,000 ಆಗುವುದಿಲ್ಲ. ಗೇರುಬೀಜ ಬರುವುದು ಮಾರ್ಚ್‌ನಿಂದ ಮೇ ತಿಂಗಳವರೆಗೆ. ನಮ್ಮ ಶಿರಸಿ ಕಡೆ ಅಡಿಕೆ ಸುಲಿಯುವ ಕೆಲಸವೂ ಕೊಯ್ಲಿನ ತಿಂಗಳುಗಳಲ್ಲಿ ಮಾತ್ರ ಇರುತ್ತದೆ. ಅದನ್ನು ವರ್ಷವಿಡೀ ಇರುವ ಉದ್ಯೋಗವೆಂದು ಯಾರೂ ಹೇಳುವುದಿಲ್ಲ. ಆದ್ದರಿಂದ ಮಾಲೀಕರ ಮಾತನ್ನು ಪೂರ್ತಿ ತಳ್ಳಿಹಾಕುವ ಮುನ್ನ ಇದನ್ನು ನೋಡಬೇಕು.

ಗ್ರೇಡಿಂಗ್ ವಿಭಾಗದವಳು

ಘಟ್ಟದ ಮೇಲಿನ ಅಣ್ಣನವರು ಗೇರುಬೀಜ ಕಾರ್ಖಾನೆಯ ಒಳಗೆ ಕಾಲಿಟ್ಟಂತೆ ಕಾಣುವುದಿಲ್ಲ. ನಾನು ಹೊನ್ನಾವರದ ಕಡೆಯ ಇನ್ನೊಂದು ಕಾರ್ಖಾನೆಯಲ್ಲಿ ಗ್ರೇಡಿಂಗ್ ಮಾಡುತ್ತಿದ್ದೆ. ಊರಿನ ಬೀಜ ಮಳೆ ಹಿಡಿಯುವ ಹೊತ್ತಿಗೆ ಮುಗಿದುಹೋಗುತ್ತದೆ ಎಂಬುದು ನಿಜ. ಆದರೆ ಕಾರ್ಖಾನೆ ನಿಲ್ಲುವುದಿಲ್ಲ. ಆಫ್ರಿಕಾದ ದೇಶಗಳಿಂದ ಹಡಗಿನಲ್ಲಿ ಬಂದ ಕಚ್ಚಾ ಬೀಜದ ಮೂಟೆಗಳು ಗೋದಾಮಿನಲ್ಲಿ ಛಾವಣಿಯವರೆಗೆ ಇರುತ್ತಿದ್ದವು. ಆಷಾಢದ ಮಳೆಯಲ್ಲಿ ಕೊಡೆ ಹಿಡಿದು ನಡೆದುಬಂದು, ಒದ್ದೆ ಸೀರೆಯಲ್ಲಿಯೇ ಮೇಜಿನ ಮುಂದೆ ಕೂತು, ಡಬ್ಲ್ಯೂ 240, ಡಬ್ಲ್ಯೂ 320 ಎಂದು ಗಾತ್ರದ ದರ್ಜೆಯಂತೆ ತಿರುಳನ್ನು ಬೇರೆ ಮಾಡುತ್ತಿದ್ದೆವು. ನಮಗೆ ಯಾವ ಸೀಸನ್ನೂ ಇರಲಿಲ್ಲ. ಸೀಸನ್ ಇದ್ದದ್ದು ಮಾಲೀಕರ ರಿಜಿಸ್ಟರಿನಲ್ಲಿ. ಜುಲೈ ತಿಂಗಳಲ್ಲಿ ಕೆಲವರ ಹೆಸರನ್ನು ಹಾಜರಿಯಿಂದ ತೆಗೆದು, ಅದೇ ತಿಂಗಳ ಕೂಲಿಯನ್ನು ಕೈಯಲ್ಲಿ ಕೊಡುತ್ತಿದ್ದರು. ಆಗ ಅದು ಏಕೆಂದು ನಮಗೆ ಯಾರೂ ಹೇಳಲಿಲ್ಲ.

ಅಘನಾಶಿನಿ ತೀರ

ನಿಜವಾದ ಹಂಗಾಮಿ ಉದ್ಯಮ ಯಾವುದೆಂದು ನೋಡಬೇಕಾದರೆ ಸಾಣಿಕಟ್ಟೆಯ ಉಪ್ಪಿನ ಆಗರಕ್ಕೆ ಬನ್ನಿ. ಮಳೆ ಬಿದ್ದ ಮೇಲೆ ಅಲ್ಲಿ ಯಾರಿಗೂ ಉಪ್ಪು ತೆಗೆಯಲು ಸಾಧ್ಯವಿಲ್ಲ. ಬಾಯ್ಲರ್ ಇಟ್ಟು ಆಮದಿನ ಬೀಜ ಬೇಯಿಸುವ ಕಾರ್ಖಾನೆಗೂ ಅದಕ್ಕೂ ಯಾವ ಹೋಲಿಕೆಯೂ ಇಲ್ಲ.

ಘಟ್ಟದ ಮೇಲಿನವ

ಆಮದು ಬೀಜದ ವಿಷಯ ಒಪ್ಪತಕ್ಕದ್ದೇ. ಆದರೆ ಈ ನಿರ್ದಿಷ್ಟ ಕಾರ್ಖಾನೆ ಮಳೆಗಾಲದಲ್ಲಿಯೂ ನಡೆಯುತ್ತಿತ್ತು ಎಂಬುದನ್ನು ತೋರಿಸುವುದು ಹೇಗೆ? ಬಾಯಿಮಾತಿಗೆ ಕೋರ್ಟಿನಲ್ಲಿ ಎಷ್ಟು ಬೆಲೆ ಇದೆ?

ಕಾರವಾರದ ವಕೀಲೆ

ಪ್ರಶ್ನೆ ಸರಿಯಾಗಿದೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ವರ್ಷಕ್ಕೆ 240 ದಿನ ಕೆಲಸ ಮಾಡಿದರೆ ಆ ವರ್ಷವನ್ನು ನಿರಂತರ ಸೇವೆ ಎಂದು ಕಾನೂನು ಎಣಿಸುತ್ತದೆ. ಹಂಗಾಮಿ ಕಾರ್ಖಾನೆಯಾದರೆ, ಅದು ನಡೆದ ದಿನಗಳ ಪೈಕಿ ಶೇಕಡಾ 75ರಷ್ಟು ದಿನ ಕೆಲಸ ಮಾಡಿದ್ದರೆ ಸಾಕು. ಈ 240 ದಿನಗಳಲ್ಲಿ ಸಂಬಳ ಸಹಿತವಾದ ವಾರದ ರಜೆಯೂ ಹಬ್ಬದ ರಜೆಯೂ ಸೇರುತ್ತವೆ ಎಂದು ಸುಪ್ರೀಂ ಕೋರ್ಟ್ 1985ರಲ್ಲಿಯೇ ಅಮೆರಿಕನ್ ಎಕ್ಸ್‌ಪ್ರೆಸ್ ಬ್ಯಾಂಕಿನ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಕೆಂಪು ಪುಸ್ತಕದಲ್ಲಿ ತೂಕ ಬರೆದ ದಿನಗಳು 240ಕ್ಕೆ ಸ್ವಲ್ಪ ಕಡಿಮೆ ಬಂದರೆ ಕೂಡಲೇ ಕೈಚೆಲ್ಲಬೇಡಿ.

ಆ ದಿನಗಳನ್ನು ಸಾಬೀತು ಮಾಡುವ ಹೊಣೆ ಯಾರದು ಎಂಬುದರಲ್ಲಿ ನಮ್ಮ ರಾಜ್ಯದಿಂದಲೇ ಹೋದ ಎರಡು ತೀರ್ಪುಗಳು ದಾರಿ ತೋರಿಸುತ್ತವೆ. 2002ರ ರೇಂಜ್ ಫಾರೆಸ್ಟ್ ಆಫೀಸರ್ ವಿರುದ್ಧ ಹಡಿಮನಿ ಪ್ರಕರಣದಲ್ಲಿ, ಕಾರ್ಮಿಕನು ಬರೇ ಒಂದು ಪ್ರಮಾಣಪತ್ರ ಸಲ್ಲಿಸಿ 240 ದಿನ ದುಡಿದಿದ್ದೇನೆ ಎಂದರೆ ಸಾಲದು, ಪುರಾವೆ ಕೊಡಬೇಕಾದವನು ಅವನೇ ಎಂದು ನ್ಯಾಯಾಲಯ ಹೇಳಿತು. ಈ ತೀರ್ಪನ್ನು ಮಾಲೀಕರ ಕಡೆಯವರು ಪ್ರತಿಯೊಂದು ಪ್ರಕರಣದಲ್ಲಿಯೂ ಎತ್ತುತ್ತಾರೆ. ಆದರೆ ಅದಾದ ಮೇಲೆ 2005ರ ಕೊನೆಯಲ್ಲಿ ಯಲ್ಲಟ್ಟಿ ಪ್ರಕರಣದ ತೀರ್ಪು ಬಂತು. ದಿನಗೂಲಿಯವರಿಗೆ ನೇಮಕಾತಿ ಆದೇಶವಾಗಲಿ ಸಂಬಳದ ಚೀಟಿಯಾಗಲಿ ಇರುವುದಿಲ್ಲ ಎಂಬುದನ್ನು ಅಲ್ಲಿ ನ್ಯಾಯಾಲಯವೇ ಗಮನಿಸಿದೆ. ಕಾರ್ಮಿಕನು ಸಾಕ್ಷಿಕಟ್ಟೆಗೆ ಬಂದು ಹೇಳಿಕೆ ಕೊಟ್ಟು, ಮಸ್ಟರ್ ರೋಲ್, ಹಾಜರಿ ಪುಸ್ತಕ, ಸಂಬಳದ ರಿಜಿಸ್ಟರ್‌ಗಳನ್ನು ಹಾಜರುಪಡಿಸುವಂತೆ ಮಾಲೀಕನನ್ನು ಕೇಳಬಹುದು ಎಂದಿದೆ. ಆ ಕಾರ್ಮಿಕನ ಕೈಯಲ್ಲಿ ಇಲಾಖೆಯಿಂದ ಸಿಕ್ಕ ಒಂದು ದೃಢೀಕರಣ ಪತ್ರವಿತ್ತು, ಅದು ಅವನ ನೆರವಿಗೆ ಬಂತು. ಎರಡೂ ಪ್ರಕರಣಗಳು ಕೆಲಸದಿಂದ ತೆಗೆದದ್ದರ ಕುರಿತಾದವು, ಆದರೆ ಪುರಾವೆಯ ತರ್ಕ ಇಲ್ಲಿಯೂ ಅದೇ.

ಅಂದರೆ ಕುಮಟಾದ ತಾಯಿಯವರ ಕೆಂಪು ಪುಸ್ತಕಗಳು ಬಹಳ ಮುಖ್ಯವಾದ ದಾಖಲೆ. ಮೇಸ್ತ್ರಿಯ ಸಹಿ ಇರುವ ಪ್ರತಿಯೊಂದು ಹಾಳೆಯ ಫೋಟೋ ತೆಗೆದಿಡಿ. ಅಸಲನ್ನು ಯಾರ ಕೈಗೂ, ಯಾವ ಕಚೇರಿಗೂ, ಯಾವ ವಕೀಲರಿಗೂ ಬಿಟ್ಟುಕೊಡಬೇಡಿ. ಜೊತೆಗೆ ಕೆಲಸ ಮಾಡಿದ ಇತರ ಹೆಂಗಸರ ಬಳಿ ಬೇರೆ ವರ್ಷಗಳ ಪುಸ್ತಕಗಳಿದ್ದರೆ ಅವುಗಳನ್ನೂ ಸೇರಿಸಿ. ಒಬ್ಬಳ ಪುಸ್ತಕದಲ್ಲಿ ಜುಲೈ ತಿಂಗಳ ತೂಕವಿದ್ದರೆ, ಜುಲೈಯಲ್ಲಿ ಕಾರ್ಖಾನೆ ನಡೆದಿತ್ತು ಎಂಬುದು ಎಲ್ಲರ ಪರವಾಗಿಯೂ ಸಾಬೀತಾಗುತ್ತದೆ.

ಲೈನ್‌ಮನ್, ಅಂಕೋಲಾ

ಹೆಸ್ಕಾಂ ಬಿಲ್ಲನ್ನು ಮರೆಯಬೇಡಿ. ಕಾರ್ಖಾನೆಯ ಮೀಟರಿನಲ್ಲಿ ಜುಲೈ, ಆಗಸ್ಟ್ ತಿಂಗಳುಗಳ ಯುನಿಟ್ ಎಷ್ಟಿದೆ ಎಂಬುದು ದಾಖಲೆಯಲ್ಲಿರುತ್ತದೆ. ಮುಚ್ಚಿದ ಕಾರ್ಖಾನೆಯ ಮೀಟರು ತಿಂಗಳುಗಟ್ಟಲೆ ಓಡುವುದಿಲ್ಲ. ಅದನ್ನು ತರಿಸುವಂತೆ ವಿಚಾರಣೆಯ ವೇಳೆ ಅರ್ಜಿ ಹಾಕಬಹುದು.

ನಿವೃತ್ತ ಗುಮಾಸ್ತ, ಕಾರವಾರ

ಒಳ್ಳೆಯ ಮಾತು. ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ ಪ್ರತಿವರ್ಷ ಸಲ್ಲಿಸುವ ವಾರ್ಷಿಕ ವಿವರಣೆಯಲ್ಲಿಯೂ ಕಾರ್ಖಾನೆ ಎಷ್ಟು ದಿನ ನಡೆಯಿತು, ಸರಾಸರಿ ಎಷ್ಟು ಜನ ದುಡಿದರು ಎಂಬ ಅಂಕಿಗಳಿರುತ್ತವೆ. ಮಾಹಿತಿ ಹಕ್ಕಿನಡಿ ಕೇಳಿ. ಅಧಿಕಾರಿಗಳಿಗೆ ಕೊಟ್ಟ ಲೆಕ್ಕವೇ ಬೇರೆ, ಈಗ ಹೇಳುತ್ತಿರುವ ಲೆಕ್ಕವೇ ಬೇರೆ ಎಂದಾದರೆ ಮಾಲೀಕರು ಉತ್ತರ ಕೊಡಬೇಕಾಗುತ್ತದೆ.

ಸಣ್ಣ ಉದ್ಯಮಿ, ಹೊನ್ನಾವರ

ಇಲ್ಲಿ ಎಲ್ಲರೂ ಮಾಲೀಕರನ್ನು ಕಳ್ಳರಂತೆ ಚಿತ್ರಿಸುತ್ತಿರುವುದರಿಂದ ನಾನೂ ಎರಡು ಮಾತು ಬರೆಯಬೇಕಾಗಿದೆ. ವಿಯೆಟ್ನಾಂ ದೇಶದವರು ಯಂತ್ರದಲ್ಲಿ ಬೀಜ ಒಡೆದು, ಯಂತ್ರದಲ್ಲಿಯೇ ಸಿಪ್ಪೆ ತೆಗೆದು ಪ್ರಪಂಚದ ಮಾರುಕಟ್ಟೆಯನ್ನು ಹಿಡಿದಿದ್ದಾರೆ. ಕಚ್ಚಾ ಬೀಜವನ್ನು ಹೊರದೇಶದಿಂದ ತರಿಸುವ ನಾವು ಅದರ ಬೆಲೆ ಏರಿದಾಗ ಬ್ಯಾಂಕಿನ ಸಾಲದಲ್ಲಿ ಮುಳುಗುತ್ತೇವೆ. ಕರಾವಳಿಯಲ್ಲಿ ಬಾಗಿಲು ಹಾಕಿದ ಸಣ್ಣ ಕಾರ್ಖಾನೆಗಳು ಒಂದೆರಡಲ್ಲ. ಲಾಭವೇ ಇಲ್ಲದೆ ಮುಚ್ಚಿದವನು ಅರವತ್ತು ಜನರಿಗೆ ಲಕ್ಷ ಲಕ್ಷ ಎಲ್ಲಿಂದ ತರಬೇಕು? ಹೀಗೆ ಕೇಸು ಹಾಕುತ್ತಾ ಹೋದರೆ ಉಳಿದವರೂ ಯಂತ್ರ ತಂದು ಹೆಂಗಸರನ್ನು ಮನೆಗೆ ಕಳಿಸುತ್ತಾರೆ.

ದಾಂಡೇಲಿ ಪಾಳಿ

ಉದ್ಯಮಿಗಳೇ, ತಮ್ಮ ಕಷ್ಟ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಗ್ರಾಚ್ಯುಟಿ ಎಂಬುದು ಕಾರ್ಖಾನೆ ಮುಚ್ಚಿದ ದಿನ ಆಕಾಶದಿಂದ ಬೀಳುವ ಸಾಲವಲ್ಲ. ಆ ಹೆಂಗಸು ದುಡಿದ ಪ್ರತಿಯೊಂದು ವರ್ಷವೂ 15 ದಿನದ ಕೂಲಿ ಮಾಲೀಕರ ಮೇಲೆ ಹೊರೆಯಾಗಿ ಸೇರುತ್ತಾ ಬಂದಿರುತ್ತದೆ. ಲಾಭ ಬಂದ ವರ್ಷಗಳಲ್ಲಿ ಅದನ್ನು ತೆಗೆದಿಡದೆ ಕೊನೆಯಲ್ಲಿ ಕೈಯೆತ್ತಿದರೆ ಅದು ಮಾರುಕಟ್ಟೆಯ ತಪ್ಪಾಗುವುದಿಲ್ಲ. ಈ ಕಾರಣಕ್ಕಾಗಿಯೇ ನಮ್ಮ ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ಕಡ್ಡಾಯ ಗ್ರಾಚ್ಯುಟಿ ವಿಮೆಯ ನಿಯಮಗಳನ್ನು ಹೊರಡಿಸಿತು. ವರ್ಷ ವರ್ಷವೂ ಕಂತು ಕಟ್ಟಿದರೆ ಕೊನೆಗೆ ವಿಮಾ ಕಂಪನಿ ಹಣ ಕೊಡುತ್ತದೆ. ಈ ಕಾರ್ಖಾನೆ ವಿಮೆ ಮಾಡಿಸಿತ್ತೇ ಎಂಬುದನ್ನೂ ಕುಮಟಾದವರು ಕೇಳಬೇಕು.

ಇನ್ನೊಂದು ವಿಷಯವನ್ನು ಯಾರೂ ಇಲ್ಲಿಯವರೆಗೆ ಎತ್ತಿಲ್ಲ. ಗ್ರಾಚ್ಯುಟಿ ಬೇರೆ, ಮುಚ್ಚುವಿಕೆಯ ಪರಿಹಾರ ಬೇರೆ. ಕಾರ್ಖಾನೆ ಮುಚ್ಚಿದಾಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ 25-ಎಫ್‌ಎಫ್‌ಎಫ್ ಕಲಮಿನ ಪ್ರಕಾರ, ಒಂದು ವರ್ಷವಾದರೂ ನಿರಂತರ ಸೇವೆ ಮಾಡಿದವರಿಗೆ ತಿಂಗಳ ನೋಟಿಸು ಅಥವಾ ಅದರ ಸಂಬಳ, ಜೊತೆಗೆ ಪೂರ್ಣಗೊಂಡ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಸಿಗಬೇಕು. ಐವತ್ತು ಅಥವಾ ಹೆಚ್ಚು ಕಾರ್ಮಿಕರಿದ್ದರೆ ಮುಚ್ಚುವ 60 ದಿನ ಮುಂಚೆ ಸರ್ಕಾರಕ್ಕೂ ನೋಟಿಸು ಕೊಡಬೇಕು. ಕೈಮೀರಿದ ಕಾರಣದಿಂದ ಮುಚ್ಚಿದರೆ ಪರಿಹಾರವನ್ನು ಮೂರು ತಿಂಗಳ ವೇತನಕ್ಕೆ ಮಿತಿಗೊಳಿಸಬಹುದು ಎಂದಿದೆ, ಆದರೆ ಬರೇ ಹಣಕಾಸಿನ ಅಡಚಣೆ, ನಷ್ಟ, ಮಾರಾಟವಾಗದೆ ಉಳಿದ ಸರಕು ಇವು ಕೈಮೀರಿದ ಕಾರಣಗಳಲ್ಲ ಎಂದು ಅದೇ ಕಲಮಿನ ವಿವರಣೆಯಲ್ಲಿ ಬರೆದಿದ್ದಾರೆ. ಉದ್ಯಮಿಗಳು ಹೇಳಿದ ವಿಯೆಟ್ನಾಂ ಪೈಪೋಟಿಗೆ ಕಾನೂನಿನಲ್ಲಿ ಉತ್ತರ ಮೊದಲೇ ಇದೆ.

ಸಣ್ಣ ಉದ್ಯಮಿ, ಹೊನ್ನಾವರ

ಕಾನೂನಿನಲ್ಲಿ ಏನಿದೆ ಎಂಬುದು ನನಗೂ ತಿಳಿದಿದೆ. ಕಾನೂನು ಬರೆದವರು ಕಾರ್ಖಾನೆ ನಡೆಸಿ ನೋಡಲಿ ಎಂದಷ್ಟೇ ನನ್ನ ಮಾತು. ವಿಮೆಯ ವಿಷಯ ಮಾತ್ರ ಸರಿ. ಅದನ್ನು ಎಲ್ಲರೂ ಮಾಡಿಸಬೇಕು, ನಾನು ಮಾಡಿಸಿದ್ದೇನೆ.

ಗ್ರೇಡಿಂಗ್ ವಿಭಾಗದವಳು

ತಾವು ಮಾಡಿಸಿದ್ದೀರಿ ಎಂಬುದು ಸಂತೋಷ. ತಮ್ಮ ಕಾರ್ಖಾನೆಯ ಹೆಂಗಸರಿಗೆ ಆ ವಿಮೆಯ ಕಾಗದವನ್ನು ಒಮ್ಮೆ ಓದಿ ಹೇಳಿ, ಅವರಿಗೂ ಧೈರ್ಯವಿರಲಿ.

ಬೈತಖೋಲದ ಬೋಟಿನವ

ಕಾರ್ಖಾನೆಯವರಿಗೆ ಕೆಂಪು ಪುಸ್ತಕವಾದರೂ ಇದೆ. ಬೋಟಿನಲ್ಲಿ ದುಡಿಯುವ ನಮಗೆ ಅದೂ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧವಿರುತ್ತದೆ, ಆಗ ನಮಗೆ ಬಿಡಿಗಾಸೂ ಇಲ್ಲ. ಉಳಿದ ತಿಂಗಳುಗಳಲ್ಲಿ ಹಿಡಿದ ಮೀನಿನ ಹಣದಲ್ಲಿ ಡೀಸೆಲ್, ಐಸ್, ರೇಷನ್ ಖರ್ಚು ಕಳೆದು ಪಾಲು ಕೊಡುತ್ತಾರೆ. ಕೈ ಮುರಿದುಕೊಂಡ ಖಲಾಸಿ ಪರಿಹಾರ ಕೇಳಿದರೆ, ‘ನೀನು ಪಾಲುದಾರ, ಕೆಲಸಗಾರನಲ್ಲ’ ಎನ್ನುತ್ತಾರೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟು ಕಾಣೆಯಾದ ಬೋಟಿನಲ್ಲಿದ್ದ ಏಳು ಜನರಲ್ಲಿ ಐವರು ನಮ್ಮ ಜಿಲ್ಲೆಯವರು. ಬಂದರಿನಲ್ಲಿ ಇಂದಿಗೂ ಯಾವ ಬೋಟಿನಲ್ಲಿ ಯಾವ ಊರಿನವನು ಯಾವ ಕರಾರಿನ ಮೇಲೆ ಹೋಗುತ್ತಾನೆ ಎಂಬುದಕ್ಕೆ ಎಷ್ಟೋ ಕಡೆ ಒಂದು ಹಾಳೆಯ ಬರಹವೂ ಇರುವುದಿಲ್ಲ. ಒಡಿಶಾ, ಜಾರ್ಖಂಡ್ ಕಡೆಯಿಂದ ಬಂದ ಹುಡುಗರ ಸ್ಥಿತಿಯಂತೂ ಕೇಳುವವರಿಲ್ಲ.

ಕಾರವಾರದ ವಕೀಲೆ

ಅಣ್ಣ, ಪಾಲು ಕೊಡುತ್ತಾರೆ ಎಂಬ ಒಂದೇ ಕಾರಣಕ್ಕೆ ಖಲಾಸಿ ಪಾಲುದಾರನಾಗಿಬಿಡುವುದಿಲ್ಲ. ಬೋಟು ಯಾರದು, ಯಾವಾಗ ಹೊರಡಬೇಕೆಂದು ಹೇಳುವವರು ಯಾರು, ನಷ್ಟವಾದರೆ ಸಾಲ ತೀರಿಸುವವರು ಯಾರು ಎಂಬುದನ್ನೆಲ್ಲ ನೋಡಬೇಕಾಗುತ್ತದೆ. ಕೂಲಿಯನ್ನು ಪಾಲಿನ ರೂಪದಲ್ಲಿ ಕೊಟ್ಟರೂ ಅದು ಕೂಲಿಯಾಗಿರಬಹುದು. ಅಪಘಾತವಾದರೆ ಮತ್ಸ್ಯ ಸಂಪದಾ ಯೋಜನೆಯ ಸಾಮೂಹಿಕ ವಿಮೆಯಲ್ಲಿ ಮರಣಕ್ಕೆ 5 ಲಕ್ಷ ರೂಪಾಯಿ ಇದೆ, ಆದರೆ ಹೆಸರು ನೋಂದಣಿಯಾಗಿರಬೇಕು. ಇದಕ್ಕೆ ಬೇರೆಯೇ ಒಂದು ಚರ್ಚೆ ತೆರೆಯಿರಿ, ನಾನು ಅಲ್ಲಿ ವಿವರವಾಗಿ ಬರೆಯುತ್ತೇನೆ. ಇಲ್ಲಿ ಕುಮಟಾದವರ ವಿಷಯ ಮುಳುಗಿಹೋಗಬಾರದು.

ಅಂಕೋಲೆಯ ಹಿರಿಯ

ಪುರಾವೆಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಮನೆಯವರು ಗೇಣಿ ಒಕ್ಕಲಾಗಿದ್ದವರು. ಭತ್ತ ಅಳೆದುಕೊಟ್ಟಾಗ ಒಡೆಯರು ರಸೀದಿ ಕೊಡುತ್ತಿರಲಿಲ್ಲ. ನಮ್ಮ ತಂದೆ ಕೇಳಿ ಕೇಳಿ ಕೆಲವು ವರ್ಷಗಳ ಚೀಟಿಗಳನ್ನು ಬರೆಸಿಕೊಂಡು ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಬಂದು, ಗೇಣಿ ನೆಲದ ಹಕ್ಕು ಕೇಳಿ ಏಳನೇ ನಮೂನೆಯಲ್ಲಿ ಡಿಕ್ಲರೇಶನ್ ಕೊಡುವ ಕಾಲ ಬಂದಾಗ, ಟ್ರಿಬ್ಯೂನಲ್ಲಿನ ಮುಂದೆ ಆ ಚೀಟಿಗಳೇ ನಮ್ಮ ನೆಲವನ್ನು ಉಳಿಸಿದವು. ಚೀಟಿ ಇಲ್ಲದ ನೆರೆಯವರು ಸಾಕ್ಷಿಗಳನ್ನು ಹುಡುಕಿ ವರ್ಷಗಟ್ಟಲೆ ಅಲೆದರು.

ಈ ತಾಲೂಕಿನವರೇ ಆದ ದಿನಕರ ದೇಸಾಯಿಯವರು ಮುಂಬಯಿಯಲ್ಲಿ ಭಾರತ ಸೇವಕ ಸಮಾಜದ ಮೂಲಕ ಹಡಗಿನ ನಾವಿಕರ ಹಕ್ಕುಗಳಿಗಾಗಿ ಕೆಲಸ ಮಾಡಿದರು, ಇಲ್ಲಿ ರೈತಕೂಟ ಕಟ್ಟಿದರು, ಅದಕ್ಕಾಗಿ ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತು. ಜನ ಅವರನ್ನು ಚುಟುಕಗಳಿಗಾಗಿ ನೆನೆಯುತ್ತಾರೆ. ಒಬ್ಬೊಬ್ಬನೇ ಒಡೆಯನ ಜಗುಲಿಗೆ ಹೋಗಿ ಬೇಡುತ್ತಿದ್ದ ಒಕ್ಕಲುಗಳನ್ನು ಒಟ್ಟಾಗಿ ನಿಲ್ಲಿಸಿದ್ದು ಅವರ ದೊಡ್ಡ ಕೆಲಸ ಎಂದು ನಾನು ನಂಬಿದ್ದೇನೆ. ಕುಮಟಾದ ಕಾರ್ಖಾನೆಯವರು ಆ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಏಕೆ ಆಫೀಸಿಗೆ ಕರೆದರು ಎಂಬುದನ್ನು ಯೋಚಿಸಿ.

ದಾಂಡೇಲಿ ಪಾಳಿ

ಹಿರಿಯರ ಮಾತಿಗೆ ಕಾನೂನಿನ ಒಂದು ಕಾರಣವನ್ನೂ ಸೇರಿಸುತ್ತೇನೆ. ರಾಜಿ ಸಂಧಾನದ ಅಧಿಕಾರಿಯ ಮುಂದೆ ವಕೀಲರನ್ನು ತರಲು ಅವಕಾಶವಿಲ್ಲ, ಕಾರ್ಮಿಕ ನ್ಯಾಯಾಲಯದಲ್ಲಿ ಕೂಡ ಎದುರು ಪಕ್ಷದ ಒಪ್ಪಿಗೆ ಮತ್ತು ನ್ಯಾಯಾಲಯದ ಅನುಮತಿ ಬೇಕು. ಆದರೆ ನೋಂದಾಯಿತ ಸಂಘದ ಪದಾಧಿಕಾರಿ ಸದಸ್ಯರ ಪರವಾಗಿ ಹಕ್ಕಿನಿಂದಲೇ ಕೂರಬಹುದು. ಹೊಸ ಸಂಘ ನೋಂದಾಯಿಸಲು 1926ರ ಕಾಯ್ದೆಯಲ್ಲಿದ್ದಂತೆಯೇ ಈಗಿನ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಕನಿಷ್ಠ ಏಳು ಸದಸ್ಯರಿರಬೇಕು. 2001ರ ತಿದ್ದುಪಡಿಯ ನಂತರ ಅಲ್ಲಿನ ಕಾರ್ಮಿಕರ ಶೇಕಡಾ 10 ಅಥವಾ 100 ಜನ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಎಂಬ ಷರತ್ತೂ ಸೇರಿದೆ. ಅರವತ್ತು ಜನರ ಕಾರ್ಖಾನೆಗೆ ಏಳು ಜನ ಸಾಕು.

ಘಟ್ಟದ ಮೇಲಿನವ

ಮುಚ್ಚಿಹೋದ ಕಾರ್ಖಾನೆಗೆ ಈಗ ಸಂಘ ಕಟ್ಟಿ ಪ್ರಯೋಜನವೇನು? ಜಿಲ್ಲೆಯಲ್ಲಿ ಈಗಾಗಲೇ ನೋಂದಣಿಯಾಗಿರುವ ಯಾವುದಾದರೂ ಕಾರ್ಮಿಕ ಸಂಘಕ್ಕೆ ಸದಸ್ಯರಾಗುವುದೇ ಸುಲಭವಲ್ಲವೇ? ಅಲ್ಲದೆ ಸಂಘದ ಮುಖಂಡರು ಮಾಲೀಕರೊಂದಿಗೆ ಒಳಗಿಂದೊಳಗೆ ರಾಜಿಯಾದದ್ದನ್ನೂ ನಾವು ಕಂಡಿದ್ದೇವೆ.

ದಾಂಡೇಲಿ ಪಾಳಿ

ಈಗಿರುವ ಸಂಘಕ್ಕೆ ಸೇರುವುದು ಬೇಗ ಆಗುವ ಕೆಲಸ ಎಂಬುದನ್ನು ಒಪ್ಪುತ್ತೇನೆ. ರಾಜಿಯ ಭಯವಿದ್ದರೆ ಅದಕ್ಕೆ ಮದ್ದೂ ಇದೆ: ಯಾವ ಮಾತುಕತೆಗೆ ಹೋದರೂ ಸಂಬಂಧಪಟ್ಟ ಹೆಂಗಸರಲ್ಲಿ ಮೂವರಾದರೂ ಮುಖಂಡನ ಜೊತೆ ಮೇಜಿನ ಮುಂದೆ ಕೂರಲಿ, ಅವರು ಓದಿ ಒಪ್ಪದ ಕಾಗದಕ್ಕೆ ಯಾರೂ ಸಹಿ ಹಾಕದಿರಲಿ.

ಅಂಗನವಾಡಿ ಟೀಚರ್, ಸಿದ್ದಾಪುರ

ನಮಗೂ ಬಹಳ ವರ್ಷ ‘ನಿಮ್ಮದು ಗೌರವಧನ, ಸಂಬಳವಲ್ಲ, ನಿಮಗೆ ಗ್ರಾಚ್ಯುಟಿ ಇಲ್ಲ’ ಎಂದೇ ಹೇಳುತ್ತಿದ್ದರು. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಅಂಗನವಾಡಿಯವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1972ರ ಕಾಯ್ದೆ ನಮಗೂ ಅನ್ವಯಿಸುತ್ತದೆ ಎಂದು ತೀರ್ಪು ಕೊಟ್ಟಿತು. ಅನ್ವಯಿಸುವುದಿಲ್ಲ ಎಂದು ಕೊಡಬೇಕಾದವರು ಹೇಳಿದ ಮಾತ್ರಕ್ಕೆ ನಂಬಿ ಕೂರಬೇಡಿ, ಅಕ್ಕಂದಿರೇ.

ಕುಮಟಾದ ಮಗಳು

ಎಲ್ಲರಿಗೂ ಕೃತಜ್ಞತೆಗಳು. ಪಿಎಫ್ ಪಾಸ್‌ಬುಕ್ಕನ್ನು ತೆಗೆಸಿ ನೋಡಿದಾಗ ಹೊಸದೊಂದು ವಿಷಯ ಹೊರಬಿದ್ದಿದೆ. 2017ರವರೆಗೆ ಒಂದು ಸಂಸ್ಥೆಯ ಹೆಸರಿದೆ, ಆಮೇಲೆ ಬೇರೆ ಹೆಸರಿದೆ. ಕಟ್ಟಡ ಅದೇ, ಯಂತ್ರಗಳು ಅವೇ, ಮೇಸ್ತ್ರಿಯೂ ಅವನೇ. ಆಯಿಗೆ ಈ ಬದಲಾವಣೆಯ ವಿಷಯವೇ ತಿಳಿದಿರಲಿಲ್ಲ. ಮಾಲೀಕರ ಕಡೆಯವರನ್ನು ಕೇಳಿದರೆ, ‘ಹಾಗಾದರೆ ನಮ್ಮ ಲೆಕ್ಕ 2017ರಿಂದ ಮಾತ್ರ’ ಎನ್ನುತ್ತಿದ್ದಾರೆ. ಇನ್ನೊಂದು ಭಯವೂ ಇದೆ. ಹೊಸ ಕಾರ್ಮಿಕ ಸಂಹಿತೆಗಳು ಬಂದಿರುವುದರಿಂದ ಹಳೆಯ ಕಾಯ್ದೆಯಡಿ ಏನೂ ಕೇಳಲು ಬರುವುದಿಲ್ಲ ಎಂದು ಯಾರೋ ಹೇಳಿದರು.

ಕಾರವಾರದ ವಕೀಲೆ

ಎರಡಕ್ಕೂ ಉತ್ತರವಿದೆ. ಸಂಸ್ಥೆಯ ಒಡೆತನ ಕೈಬದಲಾದಾಗ ಕಾರ್ಮಿಕರ ಸೇವೆ ಮುರಿಯದೆ, ಮೊದಲಿನ ಷರತ್ತುಗಳಿಗಿಂತ ಕಡಿಮೆಯಾಗದಂತೆ ಮುಂದುವರಿದಿದ್ದರೆ, ಹಳೆಯ ಸೇವೆಯನ್ನೂ ಸೇರಿಸಿಯೇ ಎಣಿಸಬೇಕು ಎಂಬುದು ಕೈಗಾರಿಕಾ ವಿವಾದ ಕಾಯ್ದೆಯ 25-ಎಫ್‌ಎಫ್ ಕಲಮಿನ ತಿರುಳು. ಸೇವೆ ಮುರಿದಿತ್ತು ಎಂದು ವಾದಿಸಿದರೆ, ಮುರಿದ ದಿನ ಹಳೆಯ ಸಂಸ್ಥೆ ಕೊಟ್ಟ ಪರಿಹಾರದ ರಸೀದಿ ಎಲ್ಲಿ, 2006ರಿಂದ 2017ರವರೆಗಿನ ಗ್ರಾಚ್ಯುಟಿ ಕೊಟ್ಟ ದಾಖಲೆ ಎಲ್ಲಿ ಎಂದು ಕೇಳಿ. 2017ರ ಬದಲಾವಣೆಯ ಹಿಂದಿನ ಮತ್ತು ಮುಂದಿನ ತಿಂಗಳುಗಳ ಕೆಂಪು ಪುಸ್ತಕ ಯಾರ ಬಳಿಯಾದರೂ ಸಿಕ್ಕರೆ ಅದನ್ನು ಜೋಪಾನ ಮಾಡಿ, ಏಕೆಂದರೆ ಒಂದು ದಿನವೂ ಬಿಡುವಿಲ್ಲದೆ ತೂಕ ಬರೆದಿದ್ದರೆ ಸೇವೆ ಮುರಿದಿಲ್ಲ ಎಂಬುದು ಅಲ್ಲಿಯೇ ಕಾಣುತ್ತದೆ.

ನಾಲ್ಕು ಸಂಹಿತೆಗಳು ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ನಿಮ್ಮ ಕಾರ್ಖಾನೆ ಮುಚ್ಚಿದ್ದು ಅದಕ್ಕೂ ಮುಂಚೆ, ಚೌತಿಯ ಹೊತ್ತಿಗೆ. ಹಳೆಯ ಕಾಯ್ದೆಯಡಿ ಆಗಲೇ ಹುಟ್ಟಿದ ಹಕ್ಕು ಕಾಯ್ದೆ ರದ್ದಾದ ಮಾತ್ರಕ್ಕೆ ಸಾಯುವುದಿಲ್ಲ. ಅಷ್ಟಕ್ಕೂ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಕೂಡ ವರ್ಷಕ್ಕೆ 15 ದಿನದ ಲೆಕ್ಕವೇ ಮುಂದುವರಿದಿದೆ. ಸಂಹಿತೆಗಳಲ್ಲಿ ನನಗೆ ಆಕ್ಷೇಪವಿರುವ ಅಂಶಗಳು ಬೇರೆ ಇವೆ. ಕೆಲಸದಿಂದ ತೆಗೆದವರು ನೇರವಾಗಿ ನ್ಯಾಯಮಂಡಳಿಗೆ ಹೋಗಲು ಮೂರು ವರ್ಷವಿದ್ದ ಅವಧಿಯನ್ನು ಎರಡು ವರ್ಷಕ್ಕೆ ಇಳಿಸಿದ್ದು, ಎಲ್ಲ ಕೈಗಾರಿಕೆಗಳಲ್ಲಿಯೂ ಮುಷ್ಕರಕ್ಕೆ 14 ದಿನದ ನೋಟಿಸು ಕಡ್ಡಾಯ ಮಾಡಿದ್ದು, ಸ್ಥಾಯಿ ಆದೇಶಗಳನ್ನು, ಅಂದರೆ ಕೆಲಸದ ಷರತ್ತುಗಳ ಲಿಖಿತ ನಿಯಮಗಳನ್ನು, 300 ಅಥವಾ ಹೆಚ್ಚು ಜನರಿರುವ ಕಾರ್ಖಾನೆಗಳಿಗೆ ಸೀಮಿತಗೊಳಿಸಿದ್ದು ನಮ್ಮಂಥ ಸಣ್ಣ ಕಾರ್ಖಾನೆಗಳ ಜಿಲ್ಲೆಗೆ ಹೊಡೆತವೇ ಸರಿ.

ಲೈನ್‌ಮನ್, ಅಂಕೋಲಾ

ಖರ್ಚಿನ ವಿಷಯ ಹೇಳಿ. ಹುಬ್ಬಳ್ಳಿಯ ಕಾರ್ಮಿಕ ನ್ಯಾಯಾಲಯಕ್ಕೆ ಅರಬೈಲು ಘಟ್ಟ ಹತ್ತಿ ಹೋಗಿಬರುವುದರಲ್ಲಿಯೇ ಬಡವರ ಹಣ ಮುಗಿಯುತ್ತದೆ.

ನಿವೃತ್ತ ಗುಮಾಸ್ತ, ಕಾರವಾರ

ಗ್ರಾಚ್ಯುಟಿಗೆ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬೇಕಾಗಿಲ್ಲ. ಅದನ್ನು ತೀರ್ಮಾನಿಸುವವರು ಕಾರ್ಮಿಕ ಇಲಾಖೆಯಲ್ಲಿರುವ ನಿಯಂತ್ರಣ ಪ್ರಾಧಿಕಾರಿ. ಮೊದಲು ‘ಐ’ ನಮೂನೆಯಲ್ಲಿ ಮಾಲೀಕರಿಗೆ ರಿಜಿಸ್ಟರ್ ಅಂಚೆಯಲ್ಲಿ ಅರ್ಜಿ ಕಳಿಸಿ, ಸ್ವೀಕೃತಿಯನ್ನು ಇಟ್ಟುಕೊಳ್ಳಿ. ಅವರು ನಿರಾಕರಿಸಿದರೆ ಅಥವಾ ಸುಮ್ಮನಿದ್ದರೆ ‘ಎನ್’ ನಮೂನೆಯಲ್ಲಿ ಪ್ರಾಧಿಕಾರಿಗೆ ಅರ್ಜಿ ಹಾಕಿ. ಅದಕ್ಕೆ 90 ದಿನದ ಮಿತಿ ಇದ್ದರೂ ಸಕಾರಣವಿದ್ದರೆ ವಿಳಂಬವನ್ನು ಮನ್ನಿಸುತ್ತಾರೆ. ಕಾರ್ಮಿಕರು ಅರ್ಜಿ ಕೊಡಲಿ ಬಿಡಲಿ, ಗ್ರಾಚ್ಯುಟಿಯನ್ನು ಲೆಕ್ಕ ಹಾಕಿ 30 ದಿನದೊಳಗೆ ಕೊಡಬೇಕಾದದ್ದು ಮಾಲೀಕರ ಕರ್ತವ್ಯ, ತಡವಾದರೆ ಬಡ್ಡಿಯನ್ನೂ ಸೇರಿಸಿ ಕೊಡಬೇಕು. ಆದೇಶದ ವಿರುದ್ಧ ಮಾಲೀಕರು ಮೇಲ್ಮನವಿಗೆ ಹೋಗಬೇಕಾದರೆ ಆ ಮೊತ್ತವನ್ನು ಮೊದಲು ಠೇವಣಿ ಇಡಬೇಕು. ಆದೇಶವಾದ ಮೇಲೂ ಕೊಡದಿದ್ದರೆ ಜಿಲ್ಲಾಧಿಕಾರಿಗಳ ಮೂಲಕ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಿಸಬಹುದು, ಹಾಗಾಗಿ ಕಟ್ಟಡ ಮತ್ತು ಯಂತ್ರಗಳ ಮಾರಾಟದ ಸುದ್ದಿ ಬಂದರೆ ಕೂಡಲೇ ತಿಳಿಸಿ.

ವಕೀಲರ ಖರ್ಚಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರಿಗೂ ಕೈಗಾರಿಕಾ ಕಾರ್ಮಿಕರಿಗೂ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗಬೇಕು. ತಮ್ಮ ಆಯಿ ಈ ಎರಡೂ ವರ್ಗಕ್ಕೆ ಸೇರಿದವರು. ಕುಮಟಾದ ನ್ಯಾಯಾಲಯದ ಆವರಣದಲ್ಲಿರುವ ತಾಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ಅರ್ಜಿ ಕೊಡಿ.

ಕುಮಟಾದ ಮಗಳು

ಆಯಿಯ ಜೊತೆ ಕೆಲಸ ಮಾಡಿದವರ ಮನೆಗಳಿಗೆ ಹೋಗಿ ಪುಸ್ತಕಗಳನ್ನು ಕೇಳತೊಡಗಿದ್ದೇವೆ. 2013, 2014ರ ಮಳೆಗಾಲದ ತೂಕ ಬರೆದ ಪುಸ್ತಕಗಳು ಒಬ್ಬರ ಅಟ್ಟದಲ್ಲಿ ಸಿಕ್ಕಿವೆ. ಹಾಳೆಗಳ ಅಂಚಿಗೆ ಗೇರೆಣ್ಣೆಯ ಕಪ್ಪು ಹತ್ತಿದ್ದರೂ ಅಂಕಿಗಳು ಓದಲು ಬರುತ್ತವೆ. ಇನ್ನು ಕೇಳಬೇಕಾದದ್ದು ಒಂದಿದೆ. ಕೆಲಸದಲ್ಲಿರುವಾಗಲೇ ತೀರಿಹೋದ ಇಬ್ಬರು ಹೆಂಗಸರ ಮನೆಯವರಿಗೆ ಆಗ ಏನನ್ನೂ ಕೊಟ್ಟಿಲ್ಲವಂತೆ. ಅವರಲ್ಲಿ ಒಬ್ಬರ ಸೇವೆ ನಾಲ್ಕು ವರ್ಷವೂ ಆಗಿರಲಿಲ್ಲ. ಅವರಿಗೆ ಹಕ್ಕಿದೆಯೇ?

ಕಾರವಾರದ ವಕೀಲೆ

ಇದೆ. ಕೆಲಸದಲ್ಲಿರುವಾಗ ಮರಣ ಹೊಂದಿದರೆ ಅಥವಾ ಅಂಗವೈಕಲ್ಯದಿಂದ ಕೆಲಸ ಬಿಡಬೇಕಾಗಿ ಬಂದರೆ ಗ್ರಾಚ್ಯುಟಿಗೆ ಸಾಮಾನ್ಯವಾಗಿ ಇರುವ ಐದು ವರ್ಷ ಸೇವೆಯ ಷರತ್ತು ಅನ್ವಯಿಸುವುದಿಲ್ಲ. ನಾಮನಿರ್ದೇಶನ ಮಾಡಿದ್ದರೆ ‘ಜೆ’ ನಮೂನೆ, ಮಾಡಿರದಿದ್ದರೆ ವಾರಸುದಾರರು ‘ಕೆ’ ನಮೂನೆಯಲ್ಲಿ ಅರ್ಜಿ ಕೊಡಬೇಕು. ತಡವಾದದ್ದಕ್ಕೆ ಕಾರಣವನ್ನು, ಅಂದರೆ ಈ ಹಕ್ಕಿದೆ ಎಂದು ಮಾಲೀಕರು ತಿಳಿಸದೆ ಇದ್ದದ್ದನ್ನು, ಅರ್ಜಿಯಲ್ಲಿಯೇ ಬರೆಯಿರಿ. ಮರಣ ಪ್ರಮಾಣಪತ್ರ, ವಾರಸಾ ಪ್ರಮಾಣಪತ್ರ, ಪಿಎಫ್ ಸಂಖ್ಯೆ ಇದ್ದರೆ ಅದು, ಇವುಗಳ ಪ್ರತಿಗಳೊಂದಿಗೆ ಆ ಎರಡೂ ಮನೆಯವರನ್ನು ನಿಮ್ಮ ಜೊತೆಯಲ್ಲಿಯೇ ಕಾನೂನು ಸೇವೆಗಳ ಸಮಿತಿಗೆ ಕರೆದುಕೊಂಡು ಹೋಗಿ. ಎಲ್ಲರ ಅರ್ಜಿಗಳೂ ಒಂದೇ ದಿನ ದಾಖಲಾದರೆ ವಿಚಾರಣೆಯನ್ನು ಒಟ್ಟಿಗೆ ನಡೆಸುವಂತೆ ಕೇಳಲು ಅನುಕೂಲವಾಗುತ್ತದೆ.